18ರ ಗೆರೆ, 30ರ ಆಸೆ

ರಜೆಗೆ ಅಂಡಮಾನಿಗೆ ಹೋಗಿಬರುವ ಕನ್ನಡಿಗರು ಹೆಚ್ಚಿದಂತೆಲ್ಲ, ಹಿಂದೆ ಇಲ್ಲದಿದ್ದ ಒಂದು ಸಂದಿಗ್ಧವೂ ಅವರ ಜೊತೆ ಸೇರಿಕೊಂಡಿದೆ. ಸ್ವರಾಜ್ ದ್ವೀಪದಲ್ಲಿ (2018ರವರೆಗೆ ಇದರ ಹೆಸರು ಹ್ಯಾವ್‌ಲಾಕ್) ಮೂರು ನಾಲ್ಕು ದಿನ ಪಾಠ ಕೇಳಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನಾಲ್ಕು ಬಾರಿ ಸಮುದ್ರಕ್ಕಿಳಿದು, 'ಓಪನ್ ವಾಟರ್' ಎಂಬ ಮೊದಲ ಕಾರ್ಡು ಕೈಗೆ ಬಂದಾಯಿತು. ಆ ಕಾರ್ಡು 18 ಮೀಟರ್, ಅಂದರೆ 60 ಅಡಿ ಆಳದವರೆಗೆ ಹೋಗಬಹುದು ಎನ್ನುತ್ತದೆ. ರಜೆ ಇನ್ನೂ ಮೂರು ದಿನ ಬಾಕಿ ಇದೆ. ಆಗ ಡೈವ್ ಅಂಗಡಿಯಲ್ಲಿ ಎದುರಾಗುವುದು ಮುಂದಿನ ಪ್ರಶ್ನೆ: ಇನ್ನೆರಡು ದಿನ ಕೊಟ್ಟು, ಇನ್ನೈದು ಸಲ ಮುಳುಗಿ, 'ಅಡ್ವಾನ್ಸ್ಡ್' ಕೋರ್ಸನ್ನೂ ಮುಗಿಸಿಬಿಡಬಾರದೇಕೆ? ಮುಗಿಸಿದರೆ 30 ಮೀಟರ್ ತನಕ ಹೋಗಬಹುದು. ಮುಳುಗಿದ ಹಡಗುಗಳು, ದೊಡ್ಡ ಮೀನುಗಳು, ಬೇರೆಯವರು ತೋರಿಸಿದ ಫೋಟೋಗಳಲ್ಲಿನ ಅನೇಕ ಸೋಜಿಗಗಳು 18ರ ಗೆರೆಯ ಆಚೆಗೇ ಇರುತ್ತವೆ.

ಮೇಲುನೋಟಕ್ಕೆ ಇದು ದುಡ್ಡು ಮತ್ತು ಬಿಡುವಿನ ಪ್ರಶ್ನೆ. ಮತ್ತೆ ಯಾವಾಗ ಇಷ್ಟು ದೂರ ಬರುತ್ತೇವೋ, ಬಂದದ್ದೇ ಬಂದಿದ್ದೇವೆ ಎಂಬ ವಾದ ಒಂದು ಕಡೆ. ಮಕ್ಕಳು ದಡದಲ್ಲಿ ಕಾದು ಕೂತಿದ್ದಾರೆ, ಕಲಿತದ್ದೇ ಇನ್ನೂ ಮೈಗೆ ಹತ್ತಿಲ್ಲ ಎಂಬ ಅಳುಕು ಇನ್ನೊಂದು ಕಡೆ. ಆದರೆ ಈ ಪ್ರಶ್ನೆಯೊಳಗೆ ಕುಳಿತಿರುವ ಅಂಕಿಗಳು ಯಾವುದೋ ಕಚೇರಿಯಲ್ಲಿ ಸುಮ್ಮನೆ ಬರೆದವುಗಳಲ್ಲ. ಅವುಗಳ ಹಿಂದೆ ಮೇಕೆಗಳಿವೆ, ಸೇತುವೆ ಕಟ್ಟಿದ ಕೂಲಿಗಳಿದ್ದಾರೆ, ನೌಕಾಪಡೆಯ ಕೋಷ್ಟಕಗಳಿವೆ, ಕೆಲವು ಸಾವುಗಳೂ ಇವೆ. 'ಅಡ್ವಾನ್ಸ್ಡ್' ಎಂಬ ಪದಕ್ಕೂ ಒಂದು ಚರಿತ್ರೆಯಿದೆ. ಆ ಚರಿತ್ರೆ ತಿಳಿದರೆ ಆ ಪದ ಹೇಳುವುದು ಒಂದು, ಅದರ ಅರ್ಥ ಇನ್ನೊಂದು ಎಂಬುದು ಗೊತ್ತಾಗುತ್ತದೆ.

ಮೇಕೆಯ ಮುಂಗಾಲು

ನೀರಿನ ತಳದಲ್ಲಿ ಹೋಗಿ ಕೂರುವ ಕಲ್ಪನೆ ನಮಗೆ ಹೊಸದಲ್ಲ. ರನ್ನನ 'ಗದಾಯುದ್ಧ'ದ ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದ್ದ. ಮಂತ್ರ ಬಾರದವರಿಗೆ ಉಳಿದಿರುವ ದಾರಿ ಒಂದೇ, ಉಸಿರಾಡುವ ಗಾಳಿಯನ್ನು ಜೊತೆಗೆ ಒಯ್ಯುವುದು. ತೊಂದರೆ ಶುರುವಾಗುವುದೂ ಆ ಗಾಳಿಯಿಂದಲೇ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ದೇಹದ ಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. ನೀರಿನ ಮೇಲೆ ಒಂದಿದ್ದದ್ದು 10 ಮೀಟರಿನಲ್ಲಿ ಎರಡಾಗುತ್ತದೆ, 30 ಮೀಟರಿನಲ್ಲಿ ನಾಲ್ಕಾಗುತ್ತದೆ. ಒತ್ತಡ ಏರಿದಷ್ಟೂ ಗಾಳಿಯಲ್ಲಿನ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಬಂದ ದಾರಿಯಲ್ಲೇ ಉಸಿರಿನೊಂದಿಗೆ ಹೊರಟುಹೋಗುತ್ತದೆ. ಅವಸರದಲ್ಲಿ ಬಂದರೆ ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವುದೇ ದೇಹದೊಳಗೂ ಆಗುತ್ತದೆ. ಗುಳ್ಳೆಗಳು ಏಳುತ್ತವೆ. ಕೀಲುಗಳಲ್ಲಿ ಎದ್ದರೆ ತಡೆಯಲಾರದ ನೋವು. ಬೆನ್ನುಹುರಿಯಲ್ಲೋ ಮಿದುಳಿನಲ್ಲೋ ಎದ್ದರೆ ಪಾರ್ಶ್ವವಾಯು, ಸಾವು.

ಇದನ್ನು ಮೊದಲು ಕಣ್ಣಾರೆ ಕಂಡವನು ಇಂಗ್ಲೆಂಡಿನ ರಾಬರ್ಟ್ ಬಾಯ್ಲ್. ಪಾತ್ರೆಯೊಂದರಲ್ಲಿಟ್ಟ ಹಾವಿನ ಸುತ್ತಲ ಗಾಳಿಯನ್ನು ಪಂಪಿನಿಂದ ಹೊರತೆಗೆದಾಗ ಅದರ ಕಣ್ಣಿನೊಳಗೆ ಗುಳ್ಳೆಯೊಂದು ಅತ್ತಿತ್ತ ಸರಿದಾಡಿದ್ದನ್ನು ಆತ 1670ರಲ್ಲಿ ದಾಖಲಿಸಿದ. ಆ ಗುಳ್ಳೆಯ ಬೆಲೆ ಏನೆಂದು ಜಗತ್ತಿಗೆ ಗೊತ್ತಾಗಲು ಇನ್ನೂರು ವರ್ಷ ಬೇಕಾಯಿತು. 1870ರ ಸುಮಾರಿಗೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ನದಿಗೆ ಸೇತುವೆ ಕಟ್ಟುವಾಗ, ನದಿಯ ತಳದಲ್ಲಿ ಒತ್ತಿ ತುಂಬಿದ ಗಾಳಿಯ ಕೋಣೆಗಳಲ್ಲಿ ಅಗೆಯುತ್ತಿದ್ದ ಹತ್ತಕ್ಕೂ ಹೆಚ್ಚು ಕೂಲಿಗಳು ಮೇಲೆ ಬಂದ ನಂತರ ಸತ್ತರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಕಾಯಿಲೆಗೆ ತುತ್ತಾಗಿ ಹಾಸಿಗೆ ಹಿಡಿದ. 1883ರಲ್ಲಿ ಸೇತುವೆ ಮುಗಿಯುವವರೆಗೂ ಅವನ ಹೆಂಡತಿ ಎಮಿಲಿ ಅವನ ಸೂಚನೆಗಳನ್ನು ಹೊತ್ತು ಕೆಲಸ ನಡೆಸಿದಳು. ನೋವಿನಿಂದ ಬಾಗಿ ನಡೆಯುತ್ತಿದ್ದ ಕೂಲಿಗಳನ್ನು ನೋಡಿ ಜೊತೆಯವರು ಇಟ್ಟ 'ಬೆಂಡ್ಸ್' ಎಂಬ ಹೆಸರೇ ಈ ರೋಗಕ್ಕೆ ಇಂದಿಗೂ ಉಳಿದಿದೆ. ಕಾರಣ ಸಾರಜನಕದ ಗುಳ್ಳೆಗಳೇ ಎಂದು ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿ ತೋರಿಸಿಕೊಟ್ಟ.

ಕಾರಣ ತಿಳಿದ ಮೇಲೂ ಲೆಕ್ಕ ತಿಳಿದಿರಲಿಲ್ಲ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದರೆ ಎಷ್ಟು ನಿಧಾನವಾಗಿ ಮೇಲೆ ಬರಬೇಕು? ಬ್ರಿಟಿಷ್ ನೌಕಾಪಡೆ ಈ ಪ್ರಶ್ನೆಯನ್ನು ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್‌ಗೆ ಒಪ್ಪಿಸಿತು. ಆತ ಹಾಗೂ ಸಂಗಡಿಗರು ಲಂಡನ್ನಿನಲ್ಲಿ ಕಬ್ಬಿಣದ ಒತ್ತಡ ಕೋಣೆಯೊಳಕ್ಕೆ ಮೇಕೆಗಳನ್ನು ಕೂಡಿ ಪ್ರಯೋಗಕ್ಕಿಳಿದರು. ಹೊರಗೆ ಬಂದ ಮೇಕೆಗೆ ನೋವಿದೆಯೇ ಎಂದು ಕೇಳುವಂತಿಲ್ಲ. ಆದರೆ ಗುಳ್ಳೆ ಬಾಧಿಸಿದ ಮೇಕೆ ಒಂದು ಮುಂಗಾಲನ್ನು ಮಡಿಸಿ ಎತ್ತಿ ನಿಲ್ಲುತ್ತಿತ್ತು. ಹೀಗೆ ಕಾಲೆತ್ತಿದ ಮೇಕೆಗಳನ್ನು ಎಣಿಸಿ ಎಣಿಸಿಯೇ 1908ರ ಪ್ರಸಿದ್ಧ ಪ್ರಬಂಧ ಹುಟ್ಟಿತು. ಒಟ್ಟು ಒತ್ತಡ ಅರ್ಧಕ್ಕಿಳಿಯುವವರೆಗೆ ಮೇಲೆ ಬರುವುದು ಸುರಕ್ಷಿತ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತು ನಿಂತು ಬರಬೇಕು ಎಂಬುದು ಅದರ ಸಾರ. ನಂತರದವರು ಈ ಲೆಕ್ಕವನ್ನು ಬಹಳಷ್ಟು ತಿದ್ದಿದರೂ ಅಡಿಪಾಯ ಇದುವೇ.

ಸ್ವಾರಸ್ಯದ ಸಂಗತಿಯೊಂದಿದೆ. 1906ರಲ್ಲಿ ಸ್ಕಾಟ್ಲೆಂಡಿನ ಸಮುದ್ರದಲ್ಲಿ ನಡೆದ ಪರೀಕ್ಷೆಗೆ ಹಾಲ್ಡೇನ್ ತನ್ನ 13 ವರ್ಷದ ಮಗನನ್ನೂ ನೀರಿಗಿಳಿಸಿದ. ದೊಡ್ಡವರ ಅಳತೆಯ ಉಡುಪು ಹುಡುಗನ ಮೈಗೆ ಸಡಿಲವಾಗಿ ಒಳಗೆ ನೀರು ನುಗ್ಗಿತ್ತು. ಆ ಹುಡುಗನೇ ಮುಂದೆ ಜೆ.ಬಿ.ಎಸ್. ಹಾಲ್ಡೇನ್ ಎಂದು ಹೆಸರಾದ ತಳಿವಿಜ್ಞಾನಿ. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು.

60 ಅಡಿ, 60 ನಿಮಿಷ

ಹಾಲ್ಡೇನ್ ಹಾಕಿಕೊಟ್ಟ ದಾರಿಯಲ್ಲಿ ಅಮೆರಿಕದ ನೌಕಾಪಡೆ ತನ್ನದೇ ಕೋಷ್ಟಕಗಳನ್ನು ರಚಿಸಿತು. ಅವುಗಳಲ್ಲಿ 1957ರದ್ದು ವಿನೋದಕ್ಕಾಗಿ ಮುಳುಗುವವರ ಕೈಗೂ ಬಂದು ಸುಮಾರು ಮೂರು ದಶಕ ಅವರ ಪಂಚಾಂಗವಾಗಿತ್ತು. ನಡುವೆ ಎಲ್ಲೂ ನಿಲ್ಲದೆ ನೇರ ಮೇಲೆ ಬರಬೇಕಾದರೆ ಎಷ್ಟು ಹೊತ್ತು ಕೆಳಗಿರಬಹುದು ಎಂಬುದನ್ನು ಅದು ಹೇಳುತ್ತಿತ್ತು. 60 ಅಡಿಯಲ್ಲಿ 60 ನಿಮಿಷ. 100 ಅಡಿಯಲ್ಲಿ 25 ನಿಮಿಷ. 130 ಅಡಿಯಲ್ಲಿ 10 ನಿಮಿಷ. ಅಲ್ಲಿಗೆ ಹೋಗಿ, ಸುತ್ತ ಒಮ್ಮೆ ನೋಡುವಷ್ಟರಲ್ಲಿ ಹೊರಡುವ ಹೊತ್ತು.

ಇಂದಿನ ಕಾರ್ಡುಗಳಲ್ಲಿರುವ 18, 30, 40 ಮೀಟರ್‌ಗಳು ಈ 60, 100, 130 ಅಡಿಗಳೇ. ಆದರೆ ನೌಕಾಪಡೆಯ ಕೋಷ್ಟಕ ಮಾಡಿದ್ದು ಗಟ್ಟಿಮುಟ್ಟಾದ ಯುವ ನಾವಿಕರಿಗಾಗಿ. ಹೊಟ್ಟೆ ಬಂದ ಗುಮಾಸ್ತನಿಗಲ್ಲ. ಈ ಕೊರತೆಯನ್ನು ಗಮನಿಸಿದ ರೇಮಂಡ್ ರೋಜರ್ಸ್ ಎಂಬಾತ ಸಿದ್ಧಪಡಿಸಿದ, ಹೆಂಗಸರನ್ನೂ ಸೇರಿಸಿಕೊಂಡು ಪರೀಕ್ಷಿಸಲಾದ ವಿನೋದ ಡೈವಿಂಗಿನ ಹೊಸ ಕೋಷ್ಟಕ 1988ರಲ್ಲಿ ಬಂತು. ಅದರಲ್ಲಿ 18 ಮೀಟರಿಗೆ 55 ನಿಮಿಷ, 30 ಮೀಟರಿಗೆ 20 ನಿಮಿಷ. ಈಗ ಎಲ್ಲರ ಮಣಿಕಟ್ಟಿನಲ್ಲೂ ಕ್ಷಣಕ್ಷಣದ ಲೆಕ್ಕ ಹೇಳುವ ಪುಟ್ಟ ಕಂಪ್ಯೂಟರ್ ಬಂದಿದೆ. ಲೆಕ್ಕದ ಜಾಡು ಮಾತ್ರ ಅದೇ.

ಇಲ್ಲೊಂದು ಮನೆಗಣಿತ ಮಾಡಿ ನೋಡಬಹುದು. ಸಾಮಾನ್ಯ ಸಿಲಿಂಡರಿನಲ್ಲಿ ಸುಮಾರು 2,200 ಲೀಟರ್ ಗಾಳಿ ಇರುತ್ತದೆ. ಕಾಲುಭಾಗವನ್ನು ಆಪತ್ತಿಗೆಂದು ತೆಗೆದಿಟ್ಟರೆ ಉಳಿಯುವುದು 1,650 ಲೀಟರ್. ಹೊಸಬನೊಬ್ಬ ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾನೆ ಎಂದಿಟ್ಟುಕೊಂಡರೆ, ಒತ್ತಡದ ಕಾರಣ 18 ಮೀಟರಿನಲ್ಲಿ ಅದು 56 ಲೀಟರ್ ಆಗುತ್ತದೆ, 30 ಮೀಟರಿನಲ್ಲಿ 80. ಅಂದರೆ 18 ಮೀಟರಿನಲ್ಲಿ ಅವನ ಗಾಳಿ 29 ನಿಮಿಷ ಬರುತ್ತದೆ. ಸಾರಜನಕದ ಗಡುವು ಇರುವುದು 55 ನಿಮಿಷಕ್ಕೆ. ಗಡುವು ಬರುವ ಎಷ್ಟೋ ಮುಂಚೆ ಗಾಳಿ ಮುಗಿಯುತ್ತಾ ಬಂದು ಅವನು ತಾನಾಗಿಯೇ ಮೇಲೆ ಬರುತ್ತಾನೆ. ಅಜ್ಞಾನವನ್ನೂ ಕ್ಷಮಿಸುವ ಆಳ ಅದು. 30 ಮೀಟರಿನಲ್ಲಿ ಗಾಳಿ ಬರುವುದು 20 ನಿಮಿಷ, ಗಡುವೂ 20 ನಿಮಿಷ! ಎರಡೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಗಾಬರಿಯಾದ ಮನುಷ್ಯ ಎರಡು ಪಟ್ಟು ಉಸಿರಾಡುತ್ತಾನೆ ಎಂಬುದನ್ನು ನೆನೆದರೆ ಆ 12 ಮೀಟರಿನ ವ್ಯತ್ಯಾಸ ಎಂಥದೆಂದು ಅರಿವಾಗುತ್ತದೆ.

ಹಲಗೆಯ ಮೇಲಿನ ಸಹಿ

ಇಷ್ಟೆಲ್ಲ ಲೆಕ್ಕ ಸಾಮಾನ್ಯರಿಗೂ ಬೇಕಾಗಿ ಬಂದದ್ದು 1943ರ ನಂತರ. ಯುದ್ಧಕಾಲದ ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಬರ. ಕಾರುಗಳನ್ನು ಅನಿಲದಿಂದ ಓಡಿಸಲು ಎಮಿಲ್ ಗಾನ್ಯಾ ಎಂಬ ಎಂಜಿನಿಯರ್ ಒಂದು ಕವಾಟ ಮಾಡಿದ್ದ. (ಅದೇ ವರ್ಷಗಳಲ್ಲಿ ನಮ್ಮಲ್ಲಿಯೂ ಇದ್ದಿಲ ಅನಿಲದ ಬಸ್ಸುಗಳು ಏದುಸಿರು ಬಿಡುತ್ತ ಓಡುತ್ತಿದ್ದವು.) ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೊ ತನಗೆ ಬೇಕಾದದ್ದೂ ಅಂಥದೇ ಎಂದು ಗುರುತಿಸಿದ. ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ತಕ್ಕಷ್ಟೇ ಗಾಳಿ ಬಿಡುವ ಸಾಧನ ಇಬ್ಬರೂ ಸೇರಿದಾಗ ಸಿದ್ಧವಾಯಿತು. ಹೆಸರು ಆಕ್ವಾಲಂಗ್. ಮೇಲಿನಿಂದ ಗಾಳಿ ತುಂಬುವ ಕೊಳವೆ, ಕಂಚಿನ ಶಿರಸ್ತ್ರಾಣ, ಸೀಸದ ಬೂಟುಗಳಿಂದ ಮುಳುಗುಗಾರನಿಗೆ ಬಿಡುಗಡೆ ಸಿಕ್ಕಿತು. 'ಸ್ಕೂಬಾ' ಎಂಬ ಪದ ಬಳಕೆಗೆ ಬಂದದ್ದು 1950ರ ದಶಕದಲ್ಲಿ.

ಬಿಡುಗಡೆಯ ಬೆನ್ನಿಗೇ ಇನ್ನೊಂದು ಅಪಾಯ ಕಾಣಿಸಿಕೊಂಡಿತು. ಆಳಕ್ಕೆ ಹೋದಂತೆ ಸಾರಜನಕ ಕೇವಲ ಕರಗುವುದಿಲ್ಲ, ಮತ್ತೇರಿಸುತ್ತದೆ. ಅಮೆರಿಕದ ನೌಕಾವೈದ್ಯ ಆಲ್ಬರ್ಟ್ ಬೆನ್‌ಕೆ ಇದರ ಕಾರಣವನ್ನು 1935ರಲ್ಲೇ ಹೇಳಿದ್ದ. ಅದರ ಬಲ ಎಷ್ಟೆಂದು ಕುಸ್ತೊ ತಂಡಕ್ಕೆ ತಿಳಿದದ್ದು ಮೋರಿಸ್ ಫಾರ್ಗ್ ಸತ್ತಾಗ.

ಫಾರ್ಗ್ ಹುಂಬನಲ್ಲ. 1946ರಲ್ಲಿ ಫ್ರಾನ್ಸಿನ ವೋಕ್ಲೂಸ್ ಎಂಬಲ್ಲಿ ನೆಲದೊಳಗಿನ ನೀರಿನ ಬಿಲಕ್ಕೆ ಇಳಿದ ಕುಸ್ತೊ ಮತ್ತು ಗೆಳೆಯ ಫ್ರೆಡರಿಕ್ ದ್ಯುಮಾ ಪ್ರಜ್ಞೆ ತಪ್ಪುವ ಸ್ಥಿತಿ ತಲುಪಿದ್ದಾಗ, ಮೇಲೆ ಹಗ್ಗ ಹಿಡಿದು ನಿಂತಿದ್ದವನು ಈತನೇ. ಏನೋ ಎಡವಟ್ಟಾಗಿದೆ ಎಂದು ಊಹಿಸಿ ಎಳೆದು ಇಬ್ಬರ ಜೀವ ಉಳಿಸಿದ್ದ. ಮರುವರ್ಷ, 1947ರ ಸೆಪ್ಟೆಂಬರಿನಲ್ಲಿ, ತೂಲೋನ್ ಬಳಿ ತಂಡ ಒಂದು ಪರೀಕ್ಷೆ ನಡೆಸಿತು. ಭಾರ ಕಟ್ಟಿ ಇಳಿಬಿಟ್ಟ ಹಗ್ಗಕ್ಕೆ ಅಲ್ಲಲ್ಲಿ ಹಲಗೆಗಳು. ಯಾರು ಎಷ್ಟು ಆಳ ತಲುಪುತ್ತಾರೋ ಆ ಹಲಗೆಯ ಮೇಲೆ ತಮ್ಮ ಸಹಿ ಹಾಕಿ ಬರಬೇಕು. ಫಾರ್ಗ್ ಇಳಿದ. ಎಲ್ಲ ಸರಿಯಾಗಿದೆ ಎಂದು ಹಗ್ಗ ಜಗ್ಗಿ ಹೇಳುತ್ತಲೇ ಇದ್ದ. ಆಮೇಲೆ ಹಗ್ಗ ಸುಮ್ಮನಾಯಿತು. ಮೇಲೆಳೆದಾಗ ಉಸಿರಿನ ಕೊಳವೆ ಬಾಯಿಂದ ಜಾರಿ ಎದೆಯ ಮೇಲೆ ನೇತಾಡುತ್ತಿತ್ತು. ಗಂಟೆಗಟ್ಟಲೆ ಕೃತಕ ಉಸಿರು ಕೊಟ್ಟರೂ ಪ್ರಯೋಜನವಾಗಲಿಲ್ಲ. 120 ಮೀಟರ್ ಆಳದ ಹಲಗೆಯಲ್ಲಿ ಅವನ ಸಹಿ ಇತ್ತು. ಆಕ್ವಾಲಂಗ್ ತೊಟ್ಟು ಪ್ರಾಣಬಿಟ್ಟವರಲ್ಲಿ ಆತನೇ ಮೊದಲಿಗ.

ರಜೆಯಲ್ಲಿ ಯಾರೂ 120 ಮೀಟರಿಗೆ ಹೋಗುವುದಿಲ್ಲ, ನಿಜ. ಆದರೆ ಈ ಮತ್ತು ಅನೇಕರಿಗೆ 30 ಮೀಟರಿನ ಆಸುಪಾಸಿನಲ್ಲೇ ಅನುಭವಕ್ಕೆ ಬರತೊಡಗುತ್ತದೆ. ಇಂದಿನ ಅಡ್ವಾನ್ಸ್ಡ್ ಕೋರ್ಸಿನ ಆಳದ ಪಾಠದಲ್ಲಿ ಕಲಿಯುವವನಿಗೆ ಒಂದು ಸಣ್ಣ ಲೆಕ್ಕವನ್ನು ದಡದಲ್ಲಿ ಒಮ್ಮೆ, ಕೆಳಗೆ ಒಮ್ಮೆ ಮಾಡಿಸಿ, ತಗುಲಿದ ಸಮಯವನ್ನು ಹೋಲಿಸುವ ರೂಢಿ ಇದೆ. ಕೆಂಪು ಬಣ್ಣದ ಪಟ್ಟಿ ಅಲ್ಲಿ ಕಂದು ಬೂದಾಗಿ ಕಾಣುವುದನ್ನು ತೋರಿಸುತ್ತಾರೆ. ಬೆರಳು ಗೀರಿದರೆ ಒಸರುವ ರಕ್ತ ಹಸಿರಾಗಿ ಕಾಣುವ ಜಾಗ ಅದು. ನೋಡಲು ಆಟದಂತಿರುವ ಈ ಪಾಠ, ಫಾರ್ಗ್‌ನ ಹಲಗೆಯ ದೂರದ ನೆಂಟ.

ಅಂಗಡಿಯಲ್ಲಿ ಸಿಕ್ಕಿದ ಸಮುದ್ರ

ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಆಕ್ವಾಲಂಗ್ ಅಮೆರಿಕದ ಅಂಗಡಿಗಳಿಗೆ ಬಂತು. ದುಡ್ಡು ಕೊಟ್ಟವರಿಗೆಲ್ಲ ಮಾರಾಟ. ಈಜು ಬರುತ್ತದೆಯೇ ಎಂದು ಕೇಳುವ ಕಾನೂನೂ ಇರಲಿಲ್ಲ. ಉಸಿರು ಬಿಗಿಹಿಡಿದು ಮೇಲೆ ಬರಬಾರದು ಎಂಬ ಮೊದಲ ಪಾಠವೇ ಕೊಂಡವರಿಗೆ ತಿಳಿದಿರಲಿಲ್ಲ. 10 ಮೀಟರಿನಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ; ಬಿಡದಿದ್ದರೆ ಶ್ವಾಸಕೋಶ ಹರಿಯುತ್ತದೆ.

ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಾನ್ರಾಡ್ ಲಿಂಬಾ ಎಂಬ ಜೀವವಿಜ್ಞಾನಿ 1950ರ ದಶಕದ ಆರಂಭದಲ್ಲಿ ತನ್ನ ಸಂಶೋಧಕರಿಗಾಗಿ ಕ್ರಮಬದ್ಧ ತರಬೇತಿ ರೂಪಿಸಿದ್ದ. ಲಾಸ್ ಏಂಜಲೀಸ್ ಕೌಂಟಿಯ ಉದ್ಯಾನ ಇಲಾಖೆಯ ಆಲ್ ಟಿಲ್‌ಮನ್ 1954ರಲ್ಲಿ ಸಂಗಡಿಗರೊಂದಿಗೆ ಅಲ್ಲಿಗೆ ಹೋಗಿ ಕಲಿತು ಬಂದು, ಸಾಮಾನ್ಯ ನಾಗರಿಕರಿಗೆ ಕಲಿಸುವವರನ್ನು ತಯಾರು ಮಾಡುವ ಕಾರ್ಯಕ್ರಮ ಶುರು ಮಾಡಿದ. ಮರುವರ್ಷವೇ ಡಾಟಿ ಫ್ರೇಜಿಯರ್ ಎಂಬ ಮಹಿಳೆ ಅಲ್ಲಿ ತರಬೇತುದಾರಳಾಗಿ ತೇರ್ಗಡೆಯಾದಳು. ಸ್ಕೂಬಾ ಕಾರ್ಡು ಹುಟ್ಟಿದ್ದು ಹೀಗೆ, ಒಂದು ಪಾರ್ಕು ಇಲಾಖೆಯಲ್ಲಿ! ಈ ಪಾಠಗಳ ಮೂಲಪುರುಷನಾದ ಲಿಂಬಾ 1960ರಲ್ಲಿ ಫ್ರಾನ್ಸಿನ ಮಾರ್ಸೇ ಬಳಿಯ ಪೋರ್ಟ್ ಮಿಯು ಎಂಬ ನೀರೊಳಗಿನ ಸುರಂಗದಲ್ಲಿ ದಾರಿ ತಪ್ಪಿ ಸತ್ತ. ಎಲ್ಲರಿಗೂ ಕಲಿಸಿದವನಿಗೂ, ಆತ ಕಲಿಯದಿದ್ದ ಒಂದು ಬಗೆಯ ನೀರು ಇತ್ತು.

1958ರಿಂದ ಅಮೆರಿಕದ ಟಿ.ವಿ.ಯಲ್ಲಿ 'ಸೀ ಹಂಟ್' ಎಂಬ ಧಾರಾವಾಹಿ ಪ್ರಸಾರವಾಗಿ ಮುಳುಗುವ ಹುಚ್ಚು ಮನೆಮನೆಗೂ ಹಬ್ಬಿತು. 1960ರಲ್ಲಿ ಟಿಲ್‌ಮನ್ ಮತ್ತು ನೀಲ್ ಹೆಸ್ ಸೇರಿ 'ನಾವಿ' ಸಂಸ್ಥೆಯನ್ನು ಕಟ್ಟಿದರು. 1966ರಲ್ಲಿ ಉಪಕರಣಗಳ ಮಾರಾಟಗಾರ ಜಾನ್ ಕ್ರೋನಿನ್ ಮತ್ತು ಈಜು ಕಲಿಸುತ್ತಿದ್ದ ರಾಲ್ಫ್ ಎರಿಕ್ಸನ್ ಸೇರಿ 'ಪ್ಯಾಡಿ'ಯನ್ನು ಆರಂಭಿಸಿದರು. ಅಂಡಮಾನಿನಲ್ಲಿ ಇಂದು ಕೈಗೆ ಸಿಗುವ ಕಾರ್ಡುಗಳಲ್ಲಿ ಹೆಚ್ಚಿನವು ಈ ಎರಡನೆಯ ಸಂಸ್ಥೆಯವು. ಸ್ಥಾಪಕರಲ್ಲಿ ಒಬ್ಬ ಮಾರಾಟಗಾರ, ಇನ್ನೊಬ್ಬ ಶಿಕ್ಷಕ ಎಂಬುದನ್ನು ನೆನಪಿಟ್ಟುಕೊಂಡರೆ ಇಡೀ ಕಾರ್ಡಿನ ಲೋಕ ಅರ್ಥವಾಗುತ್ತದೆ. ಅಲ್ಲಿ ಪಾಠವೂ ಇದೆ, ವ್ಯಾಪಾರವೂ ಇದೆ. ಒಂದನ್ನು ಇನ್ನೊಂದರಿಂದ ಬಿಡಿಸಲಾಗದು.

'ಅಡ್ವಾನ್ಸ್ಡ್' ಪದ ಬಂದದ್ದು ಈ ಹಂತದಲ್ಲಿಯೇ. ಕಲಿತವರಲ್ಲಿ ಬಹುಮಂದಿ ಕಾರ್ಡು ಸಿಕ್ಕಿದ ಮೇಲೆ ಮತ್ತೆ ನೀರಿನ ಕಡೆ ತಲೆ ಹಾಕುತ್ತಿರಲಿಲ್ಲ. ಒಬ್ಬರೇ ಹೋಗಲು ಭಯ, ಕರೆದೊಯ್ಯುವವರಿಲ್ಲ, ಉಪಕರಣ ಅಟ್ಟ ಸೇರಿತು. ಇಂಥವರನ್ನು ಉಳಿಸಿಕೊಳ್ಳಲು 1960ರ ದಶಕದಲ್ಲಿ ಲಾಸ್ ಏಂಜಲೀಸ್ ಕೌಂಟಿ ಮೇಲ್ತರಗತಿಯ ಕಾರ್ಯಕ್ರಮವೊಂದನ್ನು ಶುರು ಮಾಡಿತು. ಬೇರೆ ಬೇರೆ ಜಾಗ, ಬೇರೆ ಬೇರೆ ಬಗೆಯ ನೀರು, ಜೊತೆಗೆ ಬಲ್ಲವರು. ವಾರಗಟ್ಟಲೆ ನಡೆಯುತ್ತಿದ್ದ ಕಲಿಕೆ ಅದು. ಉಳಿದ ಸಂಸ್ಥೆಗಳೂ ಈ ಮಾದರಿಯನ್ನು ತಮ್ಮ ತಮ್ಮ ರೀತಿಯಲ್ಲಿ ಅಳವಡಿಸಿಕೊಂಡವು. ಅಂದರೆ ಮೊದಲಿನಿಂದಲೂ ಇದರ ಉದ್ದೇಶ ಪಂಡಿತರನ್ನು ತಯಾರಿಸುವುದಲ್ಲ. ಹೊಸಬರ ಕೈಯನ್ನು ಇನ್ನಷ್ಟು ದಿನ ಹಿಡಿದಿರುವುದು.

ಕಾಲ ಕಳೆದಂತೆ ಕೋರ್ಸು ಚಿಕ್ಕದಾಯಿತು, ಪದ ಮಾತ್ರ ದೊಡ್ಡದಾಗಿಯೇ ಉಳಿಯಿತು. ಇಂದು ಪ್ಯಾಡಿಯ ಲೆಕ್ಕದಲ್ಲಿ ಐದು ಡೈವ್‌ಗಳು ಸಾಕು. ಆಳಕ್ಕೆ ಹೋಗುವುದು ಮತ್ತು ದಿಕ್ಸೂಚಿ ಹಿಡಿದು ದಾರಿ ಕಾಣುವುದು, ಇವೆರಡು ಕಡ್ಡಾಯ. ಉಳಿದ ಮೂರು ಐಚ್ಛಿಕ: ರಾತ್ರಿಯ ಡೈವ್, ಮುಳುಗಿದ ಹಡಗು, ಮೀನುಗಳ ಗುರುತು, ಫೋಟೋ, ನೀರಿನಲ್ಲಿ ಏರದೆ ಇಳಿಯದೆ ತೂಗಿ ನಿಲ್ಲುವ ಹದ ಇತ್ಯಾದಿ. ಕೊನೆಗೆ ಪರೀಕ್ಷೆ ಇಲ್ಲ. ಮೊದಲ ಕಾರ್ಡು ಸಿಕ್ಕಿದ ಮರುದಿನವೇ ಸೇರಬಹುದು. ಹೀಗೆ ಜೀವಮಾನದಲ್ಲಿ ಒಂಬತ್ತು ಸಲ ಸಮುದ್ರಕ್ಕಿಳಿದವನೊಬ್ಬ 'ಅಡ್ವಾನ್ಸ್ಡ್' ಆಗಿ ಮನೆಗೆ ಮರಳುತ್ತಾನೆ. ನಮ್ಮ ಸಂಗೀತ ಪರೀಕ್ಷೆಗಳಲ್ಲಿ ಜೂನಿಯರ್, ಸೀನಿಯರ್ ದಾಟಿ ವಿದ್ವತ್ ತಲುಪಲು ಎಷ್ಟು ವರ್ಷ ಬೇಕೆಂದು ಬಲ್ಲವರಿಗೆ ಇದು ತಮಾಷೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ಎಲ್ಲ ಕಡೆಯೂ ಹೀಗೇ ಇಲ್ಲ. 1953ರಲ್ಲಿ ಆರಂಭವಾದ ಬ್ರಿಟನ್ನಿನ ಸಬ್ ಆಕ್ವಾ ಕ್ಲಬ್ ಊರೂರಿನ ಶಾಖೆಗಳಲ್ಲಿ, ಹಿರಿಯ ಸದಸ್ಯರು ಕಿರಿಯರಿಗೆ ಕಲಿಸುವ ಪದ್ಧತಿ ಬೆಳೆಸಿತು. ಫ್ರಾನ್ಸಿನಲ್ಲಿ ಮೊದಲ ದರ್ಜೆಯವನು 20 ಮೀಟರಿಗೆ ಹೋಗಬಹುದಾದರೂ ಜೊತೆಗೆ ಮಾರ್ಗದರ್ಶಿ ಇರಲೇಬೇಕು; ಎರಡನೆಯ ದರ್ಜೆ ಮುಗಿಸಿದವನಿಗೆ ಮಾತ್ರ ಅದೇ 20 ಮೀಟರಿನಲ್ಲಿ ಸ್ವತಂತ್ರ. ಅಲ್ಲಿ ಕಾರ್ಡು ಆಳವನ್ನಷ್ಟೇ ಅಳೆಯುವುದಿಲ್ಲ, ಸ್ವಾವಲಂಬನೆಯನ್ನೂ ಅಳೆಯುತ್ತದೆ.

ಹಾಗಾದರೆ ಸೇರಬೇಕೇ?

18ರ ಗೆರೆಯ ಬಳಿ ಪೊಲೀಸರು ನಿಂತಿಲ್ಲ. ಬಹುತೇಕ ದೇಶಗಳಲ್ಲಿ ಅದು ಕಾನೂನಲ್ಲ, ಸಂಸ್ಥೆಗಳ ಶಿಫಾರಸು. ಆದರೆ ಕಾರ್ಡಿನ ಮಿತಿ ಮೀರಿ ಹೋದವರಿಗೆ ಅವಘಡವಾದರೆ ಪರಿಹಾರ ಕೊಡಲು ಒಪ್ಪದ ವಿಮೆಗಳಿವೆ. ಜವಾಬ್ದಾರಿಯುಳ್ಳ ಅಂಗಡಿಯವರೂ ಮೊದಲ ಕಾರ್ಡಿನವರನ್ನು ಆಳದ ಜಾಗಗಳಿಗೆ ಕರೆದೊಯ್ಯಲು ಒಪ್ಪುವುದಿಲ್ಲ.

ಕೋರ್ಸಿನ ಪರವಾಗಿ ಹೇಳಲು ಬೇಕಾದಷ್ಟಿದೆ. 30 ಮೀಟರಿಗೆ ಮೊದಲ ಸಲ ಹೋಗುವುದಾದರೆ, ಹತ್ತು ಜನರ ಗುಂಪಿನ ಮುಂದೆ ಈಜುವ ಗೈಡಿನ ಬೆನ್ನು ನೋಡುತ್ತ ಹೋಗುವುದಕ್ಕಿಂತ, ತನ್ನನ್ನೇ ಗಮನಿಸುವ ತರಬೇತುದಾರನ ಪಕ್ಕದಲ್ಲಿ ಹೋಗುವುದು ಎಷ್ಟೋ ಮೇಲು. ಊರಿಗೆ ಮರಳಿದ ಮೇಲೆ ಇನ್ನೊಂದು ವರ್ಷ ಸಮುದ್ರ ಕಾಣದವರಿಗೆ, ಕಲಿತದ್ದು ಹಸಿಯಾಗಿರುವಾಗಲೇ ಇನ್ನೈದು ಬಾರಿ ಬಲ್ಲವರೊಂದಿಗೆ ಇಳಿಯುವುದು ಲಾಭವೇ. ಇಷ್ಟು ಮಟ್ಟಿಗೆ ಆ ಹಳೆಯ ಪಾರ್ಕು ಇಲಾಖೆಯ ಆಶಯ ಇಂದಿಗೂ ಈಡೇರುತ್ತಿದೆ.

ಆದರೆ ಅದೇ ಹಣ, ಅದೇ ಎರಡು ದಿನಗಳಲ್ಲಿ 18 ಮೀಟರಿನ ಒಳಗೇ ನಾಲ್ಕೈದು ಬಾರಿ ಸುಮ್ಮನೆ ಮುಳುಗಿಬರುವ ದಾರಿಯೂ ಉಂಟು. ಹವಳದ ಬಣ್ಣ ಹೆಚ್ಚು ಉಳಿದಿರುವುದು ಬೆಳಕು ತಲುಪುವ ಕಡಿಮೆ ಆಳದಲ್ಲಿಯೇ. ಅಲ್ಲಿ ನೋಡುವ ಹೊತ್ತೂ ಹೆಚ್ಚು. ಮೊದಲ ನಾಲ್ಕು ಡೈವ್‌ಗಳಲ್ಲಿ ಮುಖವಾಡದೊಳಗೆ ನೀರು ಬಂದಾಗಲೆಲ್ಲ ಎದೆ ಹೊಡೆದುಕೊಂಡವರು, ಒಮ್ಮೆ ತಳಕ್ಕೆ ಬಡಿದು ಇನ್ನೊಮ್ಮೆ ಬೆಂಡಿನಂತೆ ಮೇಲೆ ತೇಲಿದವರು, ಗಾಳಿಯ ಮೀಟರು ನೋಡಲು ಮರೆತವರು 30ರ ಆಸೆಯನ್ನು ಮುಂದಿನ ರಜೆಗೆ ಇಡುವುದೇ ಲೇಸು. ಸೇರಿಯೇ ತೀರುವುದಾದರೆ ಬೆಲೆ ಕೇಳುವ ಮುಂಚೆ ಬೇರೆ ಕೆಲವು ಪ್ರಶ್ನೆ ಕೇಳಬೇಕು. ಒಬ್ಬ ತರಬೇತುದಾರನ ಹಿಂದೆ ಎಷ್ಟು ಜನ? ಮೊದಲ ಕಾರ್ಡಿಗೆ ಕಲಿಸಿದವರೇ ಇದಕ್ಕೂ ಇರುತ್ತಾರೆಯೇ? ಆಳದ ಡೈವ್ ಮೊದಲ ದಿನವೇ ಇದೆಯೇ, ಅಥವಾ ತೂಗಿ ನಿಲ್ಲುವ ಹದವನ್ನು ಮೊದಲು ತಿದ್ದುತ್ತಾರೆಯೇ? ಐಚ್ಛಿಕ ಮೂರರಲ್ಲಿ ಫೋಟೋಗಿಂತ ಆ ಹದದ ಪಾಠ ಹೆಚ್ಚು ಉಪಯೋಗಿ ಎಂಬುದನ್ನು ಹೊಸಬರಿಗೆ ಹೇಳುವವರು ಕಡಿಮೆ, ಏಕೆಂದರೆ ಅದರ ಫೋಟೋ ಬರುವುದಿಲ್ಲ.

ಇನ್ನೊಂದು ಲೆಕ್ಕ ಕ್ಯಾಲೆಂಡರಿನದು. ದೇಹದಲ್ಲಿ ಕರಗಿ ಉಳಿದ ಸಾರಜನಕ ದಡಕ್ಕೆ ಬಂದ ಮೇಲೂ ಗಂಟೆಗಟ್ಟಲೆ ಇರುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನದಕ್ಕಿಂತ ಕಡಿಮೆ. ಅಲ್ಲಿ ಮತ್ತೆ ಗೋಲಿ ಸೋಡಾದ ಕತೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಆರಂಭವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ 2002ರಲ್ಲಿ ತಜ್ಞರನ್ನು ಕೂಡಿಸಿ ರೂಪಿಸಿದ ಸೂಚನೆಯ ಪ್ರಕಾರ, ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆದರೆ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು. ಸ್ವರಾಜ್ ದ್ವೀಪದಿಂದ ದೋಣಿ ಹಿಡಿದು, ಮರುದಿನ ಬೆಳಿಗ್ಗೆ 7 ಗಂಟೆಯ ವಿಮಾನ ಏರಬೇಕಾದವರ ಕೊನೆಯ ಡೈವ್ ಹಿಂದಿನ ದಿನ ಮಧ್ಯಾಹ್ನ 1 ಗಂಟೆಯೊಳಗೆ ಮುಗಿದಿರಬೇಕು. ಎರಡು ದಿನದ ಕೋರ್ಸಿಗೆ ಮೂರು ದಿನ ಬೇಕು ಎಂದೇ ಹಿಡಿಯುವುದು ಒಳ್ಳೆಯದು.

ವಿಮಾನ ಏರದವರಿಗೂ ಈ ಮಾತು ಸಲ್ಲುತ್ತದೆ. ಕರ್ನಾಟಕದಲ್ಲಿ ಸ್ಕೂಬಾ ಎಂದರೆ ಮೊದಲು ನೆನಪಾಗುವುದು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ. 2022ರಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ನೋಡಿದ ಮೇಲಂತೂ ಅದರ ಹೆಸರು ಮನೆಮಾತಾಯಿತು. ಮಳೆಗಾಲ ಕಳೆದ ಮೇಲೆ ವಾರಾಂತ್ಯಕ್ಕೆಂದು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಮುಳುಗಿ, ಮತ್ತೆ ರಾತ್ರಿ ಬಸ್ಸಿನಲ್ಲಿ ಮರಳುವವರು ಬಹಳ. ಅವರಲ್ಲಿ ಹೆಚ್ಚಿನವರು ಕಾರ್ಡಿಲ್ಲದೆ, ತರಬೇತುದಾರ ಹಿಡಿದುಕೊಂಡೇ ಕಡಿಮೆ ಆಳಕ್ಕೆ ಇಳಿಸುವವರು. ಅವರಿಗೆ ಅಪಾಯ ಅತ್ಯಲ್ಪ. ಆದರೆ ತಜ್ಞರ ಸೂಚನೆಯಲ್ಲಿ 'ಹಾರಾಟ' ಎಂದರೆ ವಿಮಾನವೇ ಆಗಬೇಕೆಂದಿಲ್ಲ, ಸುಮಾರು 600 ಮೀಟರಿಗಿಂತ ಎತ್ತರ ಎಂದರ್ಥ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಕಾರ್ಡು ಹಿಡಿದು, ಮಧ್ಯಾಹ್ನದವರೆಗೆ ಎರಡು ಬಾರಿ ಆಳಕ್ಕೆ ಹೋಗಿ ಬಂದವರು ಸಂಜೆಯ ಬಸ್ಸು ಹತ್ತಿ ಘಟ್ಟ ಏರುವ ಬದಲು, ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಬೆಳಗಿನ ಬಸ್ಸಿಗೆ ಟಿಕೆಟು ತೆಗೆಸಬೇಕಾಗುತ್ತದೆ.